ವಾಪಸ್ ದಾರಿ

ಹೆಡ್‌ಲೈಟ್ ಹಾಕಿದರೆ ಹಾರ್ನು ಕೆಮ್ಮುತ್ತಿತ್ತು,
ವೈಪರ್ ತಿರುಗಿದರೆ ಗಡಿಯಾರ ಸಾಯುತ್ತಿತ್ತು.
ಎರಡು ಬ್ಯಾಟರಿ ನುಂಗಿತು ತೊಂಬತ್ತೇಳರ ಎಸ್ಟೀಮು,
ಮೇಲೊಂದು ಡೈನಮೋ.

ಕಲಾಸಿಪಾಳ್ಯದ ಸಂದಿಯಲ್ಲಿ ನಯಾಜುಲ್ಲಾ
ಬಾನೆಟ್ಟಿನೊಳಗೆ ತಲೆ ತೂರಿಸಿ ಅಂದ:
"ಕರೆಂಟು ಹೋಗ್ತಾ ಇದೆ ಸಾರ್,
ವಾಪಸ್ ಬರೋಕೆ ದಾರಿ ಇಲ್ಲ."

ಗೇರ್‌ಬಾಕ್ಸಿನ ಪಕ್ಕ, ತಡಕಿದ ಬೆರಳಿಗೆ ಸಿಕ್ಕಿತು.
ಕಪ್ಪು ಕವಚ ನೆಟ್ಟಗಿದೆ,
ಹಿಂಡಿದರೆ ಒಳಗಿಂದ ಹಸಿರು ಪುಡಿ.

ಹೊಸ ಕೇಬಲ್ಲು ನೂರಾ ನಲವತ್ತು.
ಬಿಗಿಯುವ ಮೊದಲು ಬಾಡಿಯ ಬಣ್ಣ ಕೆರೆದ
ಬಿಳಿ ಲೋಹ ಹೊಳೆಯುವವರೆಗೆ.
"ಬಣ್ಣದ ಮೇಲೆ ಕಟ್ಟಿದ್ರೆ ಹಿಡಿಯಲ್ಲ."

ಅರ್ತಿಂಗಿಗೆ ಅವನು ಅರ್ಥ ಅನ್ನುತ್ತಾನೆ.
"ಅರ್ಥ ಇಲ್ದೆ ಎಷ್ಟು ದಿನ ಓಡಿಸಿದ್ರಿ?"

ಮಿನರ್ವ ಸರ್ಕಲ್ಲಿನ ಕೆಂಪು ದೀಪದಲ್ಲಿ
ಸುಮ್ಮನೆ ಒಮ್ಮೆ ಹಾರ್ನ್ ಒತ್ತಿದೆ.
ಮುಂದಿನ ಆಟೋದವನು ತಿರುಗಿ ಬೈದ.
ಎಷ್ಟು ಚೆನ್ನಾಗಿ ಕೇಳಿಸಿತ್ತು ಅವನಿಗೆ!