ತಿರುಗಿ ನೋಡಬಾರದು

ಅಮ್ಮ ಒಲೆಗೆ ಹಾಕಿದ ಒಣಮೆಣಸಿನಕಾಯಿ
ಚಟಪಟ ಎಂದಿತು, ಘಾಟು ಏಳಲಿಲ್ಲ.
'ನೋಡಿದೆಯಾ, ಯಾರ ಕಣ್ಣೋ ಏನೋ!'
ಮೇಲೆ ಚಿಮಣಿಯ ಫ್ಯಾನು ಜೋರಾಗಿ ಓಡುತ್ತಿತ್ತು.
ನಾನು ಹೇಳಲಿಲ್ಲ.

ಮಗಳಿಗೆ ಮೂರು ದಿನದಿಂದ ಜ್ವರ, ನೂರಾಮೂರು.
ಚಾಮರಾಜಪೇಟೆಯ ಲ್ಯಾಬಿನಲ್ಲಿ
ಊರವರ ರಕ್ತ ಎಣಿಸುವವನು ನಾನು,
ಅವಳದನ್ನೂ ನಾನೇ ಎಣಿಸಿದ್ದೆ:
ವೈರಲ್ಲು, ಇಳಿಯುತ್ತೆ, ನೀರು ಕುಡಿಸಿ.
ಬೇರೆಯವರ ಮಗುವಾದರೆ
ಇಷ್ಟು ಹೇಳಿ ಊಟಕ್ಕೆ ಏಳುತ್ತಿದ್ದೆ.

ಬೆಳಗಿನ ಐದಕ್ಕೆ
ಮೂರು ಸಲ ನಿವಾಳಿಸಿದ ನಿಂಬೆಹಣ್ಣು ಒಂದು ಜೇಬಲ್ಲಿ,
ಫೋನು ಇನ್ನೊಂದರಲ್ಲಿ,
ಗುಟ್ಟಹಳ್ಳಿಯ ಇಳಿಜಾರು ಇಳಿದು
ಮೂರು ರಸ್ತೆ ಕೂಡುವ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ
ಹಾಲಿನವನು ಕಂಡಾನೆಂದು
ಶೂ ಲೇಸು ಕಟ್ಟುವವನ ಹಾಗೆ ಬಾಗಿ ಇಟ್ಟೆ.
ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ.

ತಿರುಗಿ ನೋಡಬಾರದು ಅಂದಿದ್ದಳು ಅಮ್ಮ.
ನೋಡಿದೆ.

ಅಂಜಿನಮ್ಮ. ಉದ್ದ ಪೊರಕೆ, ತಲೆಗೆ ಮಫ್ಲರು.
ನಿಂಬೆ ಎತ್ತಿದಳು, ಮೂಸಿದಳು,
ಕುಂಕುಮ ಸೆರಗಿಗೊರೆಸಿ ಮಡಿಲಿಗೆ ಹಾಕಿಕೊಂಡಳು.
ಕೂಗಬೇಕೆನಿಸಿತು. ಏನಂತ?
'ಅದು ಬೇಡ' ಎನ್ನಲು ನಂಬಬೇಕಿತ್ತು,
ಸುಮ್ಮನಿರಲು ನಂಬದೆ ಇರಬೇಕಿತ್ತು.
ಅರ್ಧ ಲೀಟರು ಹಾಲು ತಗೊಂಡು ಮನೆಗೆ ಬಂದೆ.

ಮಧ್ಯಾಹ್ನ ಮಗಳು ಬೆವೆತು, ಎದ್ದು ಕೂತು
ಚಿತ್ರಾನ್ನ ಬೇಕು ಅಂದಳು.
ಮನೆಯಲ್ಲಿ ನಿಂಬೆಹಣ್ಣಿರಲಿಲ್ಲ.

ಮರುದಿನ ಅಂಜಿನಮ್ಮ ಬರಲಿಲ್ಲ.
ಅದರ ಮರುದಿನವೂ.
ಹೊಂಗೆ ಎಲೆ ಗುಡ್ಡೆಯಾಯಿತು,
ಯಾರೋ ಒಡೆದ ಬೂದುಗುಂಬಳ ಇರುವೆ ಮುತ್ತಿ ನಾರಿತು.
ಕಸದ ಆಟೋ ಹುಡುಗನನ್ನು ಕೇಳಿದೆ.
'ಗೊತ್ತಿಲ್ಲ ಸಾರ್, ಏನೋ ಜ್ವರ ಅಂತಿದ್ರು.'

ಲ್ಯಾಬಿಗೆ ಬಂದ ಒಂದೊಂದು ಸೀಸೆಯ ಮೇಲೂ
ಅವಳ ಹೆಸರು ಹುಡುಕಿದೆ.
ಎಷ್ಟು ಜನಕ್ಕೆ ಜ್ವರ ಈ ಊರಲ್ಲಿ,
ಎಷ್ಟೊಂದು ಮೂರು ರಸ್ತೆ.

ಎಂಟನೇ ದಿನ ಪೊರಕೆಯ ಸದ್ದು.
ಬನಿಯನ್ನಿನಲ್ಲೇ ಇಳಿದು ಓಡಿದೆ.
'ಜ್ವರ ಅಂದ್ರಲ್ಲಮ್ಮಾ ನಿಮಗೆ?'
'ನಂಗೇನ್ ಬಂದೈತೆ? ಮೊಮ್ಮಗೀಗೆ. ಈಗ ವಾಸಿ.'
'ಅವತ್ತು ಇಲ್ಲೊಂದು ನಿಂಬೆಹಣ್ಣು...'
'ಯಾವ್ದು ಸಾ? ದಿನಾ ಹತ್ತು ಸಿಕ್ತವೆ.
ಉಪ್ಪಿನಕಾಯಿ ಹಾಕ್ತೀನಿ.
ಅದ್ರಲ್ಲೇ ಒಂದು ಮಗೀಗೆ ನಿವಾಳಿಸಿ ಬಿಸಾಕ್ದೆ.'
'ಎಲ್ಲಿ?'
'ನಮ್ ಬೀದಿ ಕೊನೇಲಿ. ಇನ್ನೂ ಅಲ್ಲೇ ಬಿದ್ದೈತೆ,
ಅಲ್ಲಿ ಗುಡಿಸೋಕೆ ಯಾರ್ ಬತ್ತಾರೆ?
ಸ್ವಲ್ಪ ಕಾಲು ತೆಗೀರಿ ಸಾ,
ಪೊರಕೆ ತಾಕಬಾರ್ದು.'