ಕಲ್ಲಿನ ತಳ

ಮಹಾಲಿಂಗಪುರದ ಬೆಲ್ಲದ ಪೇಟೆಯ ಹಿಂಬದಿ
ಏಳಡಿ ಅಗಲದ ಅಂಗಡಿ ನನ್ನದು.
ತಕ್ಕಡಿ ರಿಪೇರಿ. ಸವೆದ ಕಲ್ಲಿಗೆ ಸೀಸ ಕುಡಿಸಿ
ಸಾಹೇಬರ ಮುಂದಿಟ್ಟು
ಮುದ್ರೆ ಹೊಡೆಸಿಕೊಡುವುದು. ಮೂವತ್ತೊಂದು ವರ್ಷ.

ಹೋದ ತಿಂಗಳು ಒಂದು ಬುಧವಾರ, ಸವಾಲು ಮುಗಿದ ಮೇಲೆ
ದಲಾಲಿ ಅಂಗಡಿಯ ಲೆಕ್ಕ ಬರೆಯುವ ಮೆಹಜಬೀನ ಬಂದಳು.
ಬೆರಳಿಗೆ ಬೆಲ್ಲದ ಜಿಗುಟು, ಕೈಯಲ್ಲಿ ಫೋನು.
"ಕಾಕಾ, ನಿಮಗ ಸರಕಾರದ ಮುದ್ರಿ ಗೊತ್ತು.
ಇದು ನಮ್ಮ ದೇಶದಾಗ ನಡೀತೈತೋ ಇಲ್ಲೋ, ನೋಡಿ ಹೇಳ್ರಿ."

ಕ್ರಿಪ್ಟೋ ಕೊಳ್ಳುವ, ಮಾರುವ ಕಟ್ಟೆಯಂತೆ.
ಕಟ್ಟೆ ಎಲ್ಲಿದೆಯೋ ಕಟ್ಟಿದವರಿಗೇ ಗೊತ್ತು.
ಹನ್ನೊಂದು ಸಾವಿರ ಇದೆ ಅವಳ ಹತ್ತಿರ,
ಹೊಲಿಗೆ ಮಷೀನಿಗೆ ಮೋಟಾರು ಹಾಕಿಸಲೆಂದು ಕೂಡಿಟ್ಟದ್ದು.
ಮೋಟಾರಿಗಿಂತ ಜೋರು ತಿರುಗುತ್ತದೆ ಇದು ಅಂತ
ಯಾರೋ ಹೇಳಿದ್ದಾರೆ. ಯಾರೆಂದು ಅವಳು ಹೇಳಲಿಲ್ಲ.

ದೇಶ ಆರಿಸಿ, ಅಂತಿತ್ತು ಮೊದಲ ಪುಟ.
ಉದ್ದನೆಯ ಪಟ್ಟಿ. ಐಸ್‌ಲ್ಯಾಂಡು ದಾಟಿ
ಇಂಡೋನೇಷ್ಯಾ ಬರುವ ಮುಂಚೆ, ನಾವು.
"ಐತ್ರಿ ನಮ್ಮ ಹೆಸರು!" ಅಂದಳು
ಮದುವೆ ಕಾರ್ಡಿನಲ್ಲಿ ತನ್ನ ಹೆಸರು ಸಿಕ್ಕವಳ ಹಾಗೆ.
ತಂಗೀ, ಪಟ್ಟಿಯೊಳಗ ಇದ್ರ ಏನಾತು?
ಹೋದ ಸಲ ವೋಟರ್ ಪಟ್ಟಿಯೊಳಗ
ನಮ್ಮಪ್ಪನ ಹೆಸರೂ ಇತ್ತು.
ಅವ ಹೋಗಿ ಒಂಬತ್ತು ವರ್ಷಾಗಿತ್ತು.

"ಸರಕಾರ ಮೂವತ್ತು ಟಕ್ಕೆ ತೆರಿಗಿ ತಗೊಂತೈತಲ್ರಿ,
ತಗೊಂಡ ಮ್ಯಾಲೆ ಒಪ್ಪಿದಂಗಲ್ಲೇನು?"
ಈ ಮಾತಿಗೆ ನಾನು ಚಿಮಟಿಗೆ ಕೆಳಗಿಟ್ಟು
ಸ್ವಲ್ಪ ಹೊತ್ತು ಸುಮ್ಮನೆ ಕೂತೆ.
ಬ್ಯಾಡ ಅಂದಿಲ್ಲ. ಹೂಂ ಅಂದಿಲ್ಲ.
ಲಾಭದೊಳಗ ನನಗಿಷ್ಟು ಅಂತ ಕೈ ಚಾಚೈತಿ, ಅಷ್ಟ.
ಮುಳ್ಳು ನಡುವೆ ನಿಂತರೆ ತೂಕ ಸಮ ಅನ್ನುತ್ತೇವೆ;
ತುಕ್ಕು ಹಿಡಿದ ಮುಳ್ಳೂ
ನಡುವೆಯೇ ನಿಂತಿರುತ್ತದೆ.

ಎರಡು ಕಿಲೋದ ಕಲ್ಲೊಂದನ್ನು ಬೋರಲು ಹಾಕಿ ತೋರಿಸಿದೆ.
ಮೇಲಿನ ಅಂಕಿ ಯಾವನು ಬೇಕಾದರೂ ಎರಕ ಹೊಯ್ದಾನು.
ತಳದಲ್ಲಿ ಈ ತೂತು, ತೂತಿನಲ್ಲಿ ಸೀಸ,
ಸೀಸದ ಮೇಲೆ ಈ ವರ್ಷದ ಗುರುತು.
ಸಾಹೇಬ ತಿರುವಿ ನೋಡುವುದು ಇದನ್ನೇ.
ನಿನ್ನದರ ತಳ ಎಲ್ಲೈತಿ?

ಹುಡುಕಿದೆವು. ಬೆರಳು ತಳ್ಳಿದಷ್ಟೂ ಪುಟ,
ಹೊಳೆವ ನಾಣ್ಯ, ನಗುವ ಮಂದಿ, ಮತ್ತೆ ನಾಣ್ಯ.
ಕಟ್ಟಕಡೆಗೆ ಸಾಸಿವೆಯಷ್ಟು ಅಕ್ಷರದಲ್ಲಿ:
ನಿಮ್ಮ ದೇಶದ ಕಾನೂನು ತಿಳಿದುಕೊಳ್ಳುವ ಹೊಣೆ ನಿಮ್ಮದು.
"ನಮ್ಮದಂತ," ಅಂದಳು.
ನಕ್ಕಳೋ ಏನೋ, ಗುರುತು ಹತ್ತಲಿಲ್ಲ.

ದಿಲ್ಲಿಯಲ್ಲಿ ಹೆಸರು ನೋಂದಿಸಿದವರ ಪಟ್ಟಿ ಬೇರೆ ಇದೆ.
ಅವಳೇ ತೆಗೆದಳು. ಲೆಕ್ಕದವಳ ಕಣ್ಣು.
ಸಿಕ್ಕಿತು, ಅದೇ ಹೆಸರು. ಉಸಿರು ಬಿಟ್ಟವಳು
ಮತ್ತೊಮ್ಮೆ ಬಗ್ಗಿ ನೋಡಿದಳು.
ಅಲ್ಲಿ ಒಂದು ಅಕ್ಷರ ಹೆಚ್ಚು.
ಒಂದೇ ಅಕ್ಷರ. ಐನೂರು ಗ್ರಾಮಿನ ಕಲ್ಲು
ನಾನೂರಾ ತೊಂಬತ್ತು ತೂಗಿದ ಹಾಗೆ,
ಕೈಗೆ ತಿಳಿಯುವುದಿಲ್ಲ,
ಇಡೀ ಪೇಟೆ ವರ್ಷಗಟ್ಟಲೆ ತೂಗಿದರೂ ತಿಳಿಯುವುದಿಲ್ಲ.

ಹಾಕಬೇಡ ಅಂತ ನಾನು ಹೇಳಲಿಲ್ಲ,
ಕೇಳುವ ವಯಸ್ಸಲ್ಲ, ಹೇಳುವ ಹಕ್ಕೂ ಅಲ್ಲ.
ಫೋನನ್ನು ಓಢಣಿಯ ತುದಿಗೆ ಒರೆಸಿ ಎದ್ದವಳು
ಗೋಡೆ ನೋಡುತ್ತ ನಿಂತಳು.
ಚೌಕಟ್ಟಿನೊಳಗೆ ನನ್ನ ಲೈಸೆನ್ಸು,
ಊದಿನಕಡ್ಡಿಯ ಹೊಗೆಗೆ ಗಾಜು ಮಬ್ಬು.
ಕಿರುಬೆರಳಿನಿಂದ ಒಂದು ಮೂಲೆ ತಿಕ್ಕಿದಳು.
"ಕಾಕಾ, ಇದು ಹೋದ ಡಿಸೆಂಬರಕ್ಕ ಮುಗದೈತ್ರಿ."

ಮುಗಿದಿತ್ತು.
ಆವತ್ತಿನಿಂದ ನಾನು ಸೀಸ ಕುಡಿಸಿದ ಕಲ್ಲು
ಎಷ್ಟು ಅಂಗಡಿಯಲ್ಲಿ, ಎಷ್ಟು ಪೆಂಟೆ ಬೆಲ್ಲ ತೂಗಿದವೋ.
ಮೇಜಿನ ಮೇಲೆ ಉಳಿದ ಹನ್ನೆರಡನ್ನು
ಒಂದೊಂದಾಗಿ ಬೋರಲು ಹಾಕಿದೆ.
ದೀಪ ಹಚ್ಚಬೇಕೆಂಬ ನೆನಪೂ ಆಗಲಿಲ್ಲ.

ಹನ್ನೊಂದು ಸಾವಿರ ಏನಾಯಿತೋ ನಾನು ಕೇಳಿಲ್ಲ.
ಎರಡು ಸಲ ಸಿಕ್ಕಳು ಮೆಹಜಬೀನ,
ಒಮ್ಮೆ ಹಿಟ್ಟಿನ ಗಿರಣಿಯಲ್ಲಿ, ಒಮ್ಮೆ ಬಸ್ಸಿನ ಮೆಟ್ಟಿಲಲ್ಲಿ.
ಎರಡೂ ಸಲ ಅವಳೇ ಮೊದಲು ಕೇಳಿದಳು,
"ಬಾಗಲಕೋಟಿಗೆ ಹೋಗಿದ್ರೇನ್ರಿ, ಕಾಕಾ?"