ಬನಹಟ್ಟಿ, ರಾತ್ರಿ ಹತ್ತೂವರೆಯ ಅಳತೆ

ಕೊನೆಯ ಮಗ್ಗ ನಿಂತಿತು. ಓಣಿಯ ಕಿವಿ ಖಾಲಿಯಾಯಿತು.
ಈಗ ಕೇಳಿಸುತ್ತವೆ ಇವು:
ಮಾಡದ ಕೆಳಗೆ, ಹಳೇ ಕಂಡಿಕೆ ಪೆಟ್ಟಿಗೆಯಲ್ಲಿ ಕೂತ
ನಾಲ್ಕು ಡಿಸ್ಕು, ಒಂದು ಫ್ಯಾನು.

ಮೂವತ್ತು ವರ್ಷ ಜಾಬರ್ ಕೆಲಸ ಮಾಡಿದವನು ನಾನು,
ಲಾಳಿಯ ಸಪ್ಪಳ ಕೇಳಿಯೇ ಹೇಳುತ್ತಿದ್ದೆ
ಯಾವ ಮಗ್ಗಕ್ಕೆ ಏನು ಬ್ಯಾನಿ ಅಂತ.
ಮೂರನೆಯ ಡಿಸ್ಕಿನ ದನಿ ತುಸು ಗೊಗ್ಗರು.
ದಸ್ತಗೀರ ಅಗ್ಗಕ್ಕೆ ಕೊಟ್ಟದ್ದು.
‘ಇನ್ನೂ ಹತ್ ವರ್ಸ ಓಡತೈತಿ ಕಾಕಾ’ ಅಂದಿದ್ದ,
ಕಣ್ಣು ಮಾತ್ರ ಬೇರೆ ಕಡೆ ಇತ್ತು.

ಮೊದಲು, ನಾಲ್ಕಕ್ಕೂ ಹಂಚಿ ಬರೆದೆ.
ಸೆಕೆಂಡಿಗೆ ನಾಲ್ಕುನೂರ ಹನ್ನೆರಡು ಮೆಗಾಬೈಟು.
ಏನು ಓಟ! ಆದರೆ
ಒಂದು ಸತ್ತರೆ ನಾಲ್ಕೂ ಸತ್ತಂತೆ.
ಇಂಥ ಪಾಲುದಾರಿಕೆ ನೂಲಿನ ಬಜಾರದಲ್ಲಿ ಕಂಡಿದ್ದೇನೆ.

ಆಮೇಲೆ ಜೋಡಿ ಜೋಡಿ, ಒಂದರ ನಕಲು ಇನ್ನೊಂದು.
ಇನ್ನೂರ ಹತ್ತು.
ಅರ್ಧ ಜಾಗ ಹೋಯಿತು, ನಿದ್ದೆ ಉಳಿಯಿತು.

ಕಡೆಗೆ ಮೂರರ ಲೆಕ್ಕ ಕೂಡಿಸಿ
ಇನ್ನೊಂದರ ಮೇಲೆ ಬರೆದಿಡುವ ಪ್ಯಾರಿಟಿ.
ಓದು ಮುನ್ನೂರು. ಬರಹ ಎಪ್ಪತ್ತಕ್ಕೆ ಬಂದು ತೇಕಿತು.
ಸಣ್ಣ ಸಣ್ಣ ಫೋಟೋಗಳಿಗಂತೂ
ಫಣಿಯ ಹಲ್ಲಿಗೆ ಎಳೆ ಹೊಗಿಸುವ ಮುದುಕಿಯ ನಿಧಾನ.

ಹಾಲಿನ ವಹಿಯ ಹಿಂದಿನ ಪುಟದಲ್ಲಿ ಎಲ್ಲ ಬರೆದುಕೊಂಡೆ.
ಎರಡು ಸಲ ಕರೆಂಟು ಹೋಯಿತು,
ಆ ಅಂಕಿಗಳನ್ನು ಹೊಡೆದುಹಾಕಿದೆ.

ಶೇಖವ್ವ ಎದ್ದು ಬಂದಳು.
‘ಎಷ್ಟ್ ಓಟ ಬೇಕ್ರಿ ನಿಮಗ?
ನಮ್ಮ ಚಂಪಕ್ಕನ್ನ ಹಚ್ರಿ.’

ಹಚ್ಚಿದೆ. ತೇರದಾಳದ ಮದುವೆ,
ಅಂಚಿಗೆ ಹಸಿರು ಹಿಡಿದ ಕ್ಯಾಸೆಟ್ಟಿನಿಂದ ಇಳಿಸಿದ್ದು.
ಅಕ್ಕಿಕಾಳಿನ ಗದ್ದಲದಲ್ಲಿ, ಉಪ್ಪಿಟ್ಟಿನ ತಾಟು ಹಿಡಿದು
ಯಾರದೋ ಮಾತಿಗೆ ಬಾಗಿ ನಗುತ್ತಾಳೆ ಚಂಪಕ್ಕ.
ಆರು ಸೆಕೆಂಡು.
ಆಮೇಲೆ ಕ್ಯಾಮೆರಾದವ ಬೀಗರ ಕಡೆ ತಿರುಗುತ್ತಾನೆ,
ಪ್ರತಿ ಸಲವೂ.
ಆಕೆಯ ಬೇರೆ ಚಿತ್ರ ಯಾರ ಹತ್ತಿರವೂ ಇಲ್ಲ.

ಆ ನಗುವಿಗೆ ಬೇಕಾದದ್ದು
ಸೆಕೆಂಡಿಗೆ ಒಂದು ಮೆಗಾಬೈಟು. ಅದೂ ತುಂಬಲಿಲ್ಲ.

ಯಾವ ಹುಚ್ಚು ಹೊಕ್ಕಿತೋ,
ನಡೆದಿರುವಾಗಲೇ ಕೈ ಹಾಕಿ ಮೂರನೆಯದನ್ನು ಎಳೆದೆ.
ಕೆಂಪು ದೀಪ. ನನ್ನ ಬೆನ್ನಿಗೆ ಬೆವರು.
ನಗು ಅರೆಗಳಿಗೆ ತುಟಿಯ ಮೇಲೆ ತಡೆಯಿತು,
ತಾಟು ಗಾಳಿಯಲ್ಲಿ ನಿಂತಿತು,
ಆಮೇಲೆ ಎಲ್ಲ ಮುಂದೆ ಸಾಗಿತು.
ಹರಿದ ಎಳೆ ಎಲ್ಲಿ ಇರಬೇಕಿತ್ತೆಂದು
ಉಳಿದ ಮೂರು ಲೆಕ್ಕ ಹಾಕಿ ನೇಯ್ದುಕೊಟ್ಟವು.
ಓದು: ನಲವತ್ತೊಂದು.

‘ನಡುವ ಯಾಕ ನಿಂತ್ಳು?’
‘ಕರೆಂಟು’ ಅಂದೆ.
‘ಇನ್ನೊಮ್ಮಿ ಹಚ್ರಿ.’

ಬೆಳಿಗ್ಗೆ ದಸ್ತಗೀರನ ಅಂಗಡಿಗೆ ಹೋಗಬೇಕು,
ಹೊಸಾದ ಕೊಡೋ ಮಾರಾಯ ಅನ್ನಬೇಕು.
ಯಾವ ಜೋಡಣೆ ಅಂತ ಇನ್ನೂ ಬರೆದಿಲ್ಲ.
ವಹಿ ತಿರುವಿದರೆ ಮುಂಬದಿಯಲ್ಲಿ ಆಕೆಯ ಅಕ್ಷರ:
ಅರ್ಧ ಲೀಟರ್, ಅರ್ಧ ಲೀಟರ್,
ಬಂದಿಲ್ಲ,
ಅರ್ಧ ಲೀಟರ್.